ನಾದಕ್ಕೆ ಬೀಟೆಯೇ ಬೇಕೆ?

ಕಳೆದ ದೀಪಾವಳಿಗೆ ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಕೈಯಲ್ಲಿ ನಾಲ್ಕು ಕಾಸು, ಚಿಕ್ಕಂದಿನಿಂದಲೂ ಸಂಗೀತದ ಹುಚ್ಚು. ಅಂಗಡಿಯಲ್ಲಿ ಸಿಗುವ ಗಿಟಾರಿನಲ್ಲಿ ಅವನಿಗೆ ತೃಪ್ತಿಯಿಲ್ಲ. ತನ್ನ ಕೈಯಳತೆಗೆ, ತನ್ನ ಕಿವಿಗೆ ಒಪ್ಪುವಂಥದೊಂದನ್ನು ಕುಶಲಕರ್ಮಿಯೊಬ್ಬರ ಬಳಿ ಕೈಯಿಂದಲೇ ಕಟ್ಟಿಸಿಕೊಳ್ಳಲು ಹೊರಟಿದ್ದಾನೆ. ಅಂಥ ವಾದ್ಯ ಕಟ್ಟುವವರು ಈಗ ನಮ್ಮ ದೇಶದಲ್ಲೂ ಇದ್ದಾರೆ. ಅವರು ಕೊಟ್ಟ ಪಟ್ಟಿಯನ್ನು ಜಗಲಿಯ ಮೇಲೆ ಹರಡಿಕೊಂಡು ಕುಳಿತಿದ್ದ. ಮುಂಭಾಗದ ಹಲಗೆಗೆ ಯಾವ ಮರ, ಬೆನ್ನಿಗೆ ಯಾವುದು, ಪಕ್ಕೆಗೆ ಯಾವುದು, ಕುತ್ತಿಗೆಗೆ ಯಾವುದು, ಬೆರಳೊತ್ತುವ ಪಟ್ಟಿಗೆ ಯಾವುದು? ಪ್ರತಿಯೊಂದಕ್ಕೂ ಐದಾರು ಆಯ್ಕೆ. ಪ್ರತಿ ಆಯ್ಕೆಗೂ ಬೇರೆ ಬೇರೆ ಬೆಲೆ. ಬೆನ್ನು ಮತ್ತು ಪಕ್ಕೆಗಳ ಸಾಲಿನಲ್ಲಿ 'ಈಸ್ಟ್ ಇಂಡಿಯನ್ ರೋಸ್‌ವುಡ್' ಎಂಬ ಹೆಸರಿನ ಮುಂದೆ ಅವನು ಗುರುತು ಹಾಕಿದ್ದ.

"ಅದ್ಯಾವ ಮರವೋ ಮಾಣಿ?" ಎಂದು ಅವನ ಅಜ್ಜ ಕೇಳಿದರು.

"ಬೀಟೆ ಅಜ್ಜಾ. ನಮ್ಮ ಬೀಟೆಯೇ."

ಎಂಬತ್ತು ದಾಟಿದ ಆ ಹಿರಿಯರು ಅಂಗಳದ ಅಂಚಿಗೆ ಹೋಗಿ ಕವಳ ಉಗುಳಿ ಬಂದು ಒಂದಷ್ಟು ಹೊತ್ತು ನಕ್ಕರು. ಅವರೇನು ಮರದ ವೈರಿಯಲ್ಲ. ಹಲಸು, ಮಾವು, ಮುರುಗಲು, ವಾಟೆ ಎಲ್ಲವನ್ನೂ ನೆಟ್ಟು ಬೆಳೆಸಿದವರು. ಆದರೆ ತಮ್ಮ ಜಮೀನಿನ ಅಂಚಿನಲ್ಲಿ ತಾನೇ ತಾನಾಗಿ ಎದ್ದ ಬೀಟೆಯ ಸಸಿಯನ್ನು ಮಾತ್ರ ಜೀವಮಾನವಿಡೀ ಕತ್ತಿಯಿಂದ ಸವರುತ್ತಲೇ ಬಂದವರು. ಕಾರಣವನ್ನು ಮಲೆನಾಡಿನ ಸಾಗುವಳಿದಾರರಿಗೆ ವಿವರಿಸುವ ಅಗತ್ಯವಿಲ್ಲ. ವಿದ್ಯಾರ್ಥಿ ಮಿತ್ರರಿಗಾಗಿ ಮುಂದೆ ವಿವರಿಸುತ್ತೇನೆ.

ಮೊಮ್ಮಗ ಸಾವಿರಾರು ರೂಪಾಯಿ ಹೆಚ್ಚು ತೆತ್ತು ಕೊಳ್ಳಬಯಸಿದ ಮರವನ್ನು ಅಜ್ಜ ಮೊಳಕೆಯಲ್ಲೇ ಸವರುತ್ತ ಬಂದದ್ದು ಒಂದು ಮನೆಯ ತಮಾಷೆಯಲ್ಲ. ನಾದಕ್ಕೆ ಬೀಟೆಯೇ ಬೇಕೆಂದು ಹೇಳಿ ಗಿರಾಕಿಯನ್ನು ನಂಬಿಸಿದವರು ಒಂದು ಕಡೆ. ಬೀಟೆಯನ್ನು ಕಾನೂನಿನಿಂದ ಕಾಪಾಡುತ್ತಿದ್ದೇವೆಂದು ನಮ್ಮನ್ನು ನಂಬಿಸಿದವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವಲ್ಲ. ಈ ಎರಡು ನಂಬಿಕೆಗಳ ನಡುವೆ ಸಿಕ್ಕಿ ಮರ ಸಾಯುತ್ತಿದೆ.

ಬ್ರೆಜಿಲ್ಲಿನಿಂದ ಸಹ್ಯಾದ್ರಿಗೆ

ಗಿಟಾರಿನ ಬೆನ್ನಿಗೆ ಬೀಟೆ ಬಂದದ್ದು ಅನಾದಿ ಸಂಪ್ರದಾಯದಿಂದಲ್ಲ. ಅಮೆರಿಕದಲ್ಲಿ ಉಕ್ಕಿನ ತಂತಿಯ ಗಿಟಾರಿಗೆ ಮಾದರಿ ಹಾಕಿಕೊಟ್ಟ ಮಾರ್ಟಿನ್ ಕಂಪನಿ ಶುರುವಾದದ್ದು 1833ರಲ್ಲಿ. ಅದರ ಒಳ್ಳೆಯ ವಾದ್ಯಗಳ ಬೆನ್ನು, ಪಕ್ಕೆಗಳಿಗೆ ದೀರ್ಘಕಾಲ ಬಳಕೆಯಾದದ್ದು ಬ್ರೆಜಿಲ್ಲಿನ ರೋಸ್‌ವುಡ್. ಆ ದೇಶದವರು ಅದನ್ನು ಜಕರಂದಾ ಎನ್ನುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ ನೇರಳೆ ಹೂವು ಸುರಿಸುವ ಜಕರಂದಾ ಅದಲ್ಲ. ಅದು ನಮ್ಮ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. ಬ್ರೆಜಿಲ್ಲಿನ ಪೂರ್ವ ಕರಾವಳಿಯ ಅಟ್ಲಾಂಟಿಕ್ ಕಾಡು ಆ ಮರದ ತವರು. ಕಬ್ಬು, ಕಾಫಿ, ಜಾನುವಾರು, ನಗರ ಹೀಗೆ ಒಂದರ ಹಿಂದೊಂದು ಬಂದು ಆ ಕಾಡಿನ ಬಹುಪಾಲು ಇಂದು ನೆಲದ ಮೇಲಿಲ್ಲ. 1960ರ ದಶಕದ ಕೊನೆಗೆ ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತನ್ನು ತಡೆಯಿತು. 1969ರಲ್ಲಿ ಮಾರ್ಟಿನ್ ಕಂಪನಿ ನಮ್ಮ ಬೀಟೆಯತ್ತ ತಿರುಗಿತು. 1992ರಲ್ಲಿ ಬ್ರೆಜಿಲ್ ರೋಸ್‌ವುಡ್ಡನ್ನು ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿಸಿ, ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಹೆಚ್ಚುಕಡಿಮೆ ಬೀಗ ಹಾಕಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬ್ರೆಜಿಲ್ ಮರದ ಭಕ್ತರು ಇಂದಿಗೂ 1969ಕ್ಕೆ ಮೊದಲಿನ ಗಿಟಾರುಗಳಿಗೆ ಆಸ್ತಿ ಕೊಟ್ಟಂತೆ ಬೆಲೆ ಕೊಡುತ್ತಾರೆ; ಆ ನಾದ ಮತ್ತೆ ಬರಲಾರದು ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ನಮ್ಮ ಬೀಟೆ ಎರಡನೆಯ ದರ್ಜೆಯದು. ಉಳಿದವರಿಗಾದರೋ ಬೀಟೆಯೇ ಇಂದು 'ಸಾಂಪ್ರದಾಯಿಕ' ಮರ. ಒಂದು ಕಾಡು ಮುಗಿದು ಇನ್ನೊಂದು ಕಾಡಿಗೆ ಬಂದದ್ದಕ್ಕೆ ಐವತ್ತು ವರ್ಷಗಳೊಳಗೆ ಸಂಪ್ರದಾಯವೆಂಬ ಹೆಸರು ದೊರೆಯಿತು. ಮಾರುಕಟ್ಟೆಗೆ ಇದಕ್ಕಿಂತ ಸುಲಭವಾದ ಸಂಪ್ರದಾಯ ಯಾವುದಿದೆ?

ಬೀಟೆಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿ ತಾಗಿಸಿದರೆ ಒಡೆಯದೆ ಬಾಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮಳೆ ಬಿಸಿಲಿಗೆ ಸುಲಭವಾಗಿ ಸೊಟ್ಟಗಾಗದು. ತೆಳುವಾದ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ಗೆಣ್ಣಿನಿಂದ ಬಡಿದರೆ ಕಂಚಿನ ಪಾತ್ರೆಯಂತೆ ಮೊಳಗುತ್ತದೆ. ನಾವು ಹಲಸಿನ ಹಣ್ಣನ್ನು ಬಡಿದು ಕೇಳುವಂತೆ ಗಿಟಾರ್ ಕಟ್ಟುವವರು ಹಲಗೆಯನ್ನು ಬಡಿದು ಕೇಳುತ್ತಾರೆ. ಕಂದು, ಕಪ್ಪು, ನೇರಳೆ ಗೆರೆಗಳ ಚೆಲುವನ್ನಂತೂ ಹೇಳುವುದೇ ಬೇಡ. ಆದರೆ ಗಿಟಾರಿಗೆ ಯಾವ ಬೀಟೆಯೂ ಆದೀತು ಎಂದು ತಿಳಿಯಬಾರದು. ಬೆನ್ನಿಗೆ ಬೇಕಾದದ್ದು ಪುಸ್ತಕದ ಹಾಳೆ ಬಿಡಿಸಿದಂತೆ ಜೋಡಿಸುವ ಎರಡು ಹಲಗೆ. ಒಂದೊಂದೂ ಸುಮಾರು ಎಂಟು ಅಂಗುಲ ಅಗಲ, ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು. ಎಳೆ ನೆಟ್ಟಗಿರಬೇಕು, ಗಂಟು ಇರಬಾರದು, ದಿಮ್ಮಿಯ ತಿರುಳಿನಿಂದ ಹೊರಕ್ಕೆ ಕಿರಣದಂತೆ ಸೀಳಿದ್ದಾಗಿರಬೇಕು, ಹೊರಗಿನ ಬಿಳಿಯ ಭಾಗ ನಿಷಿದ್ಧ. ಅಂಥ ಹಲಗೆ ಸಿಗಬೇಕಾದರೆ ಎರಡು ಅಡಿಗೂ ಮಿಗಿಲಾದ ವ್ಯಾಸದ, ನೇರವಾಗಿ ಬೆಳೆದ ಮರವಾಗಬೇಕು. ಬೀಟೆ ನಿಧಾನವಾಗಿ ಬೆಳೆಯುವ ಜಾತಿ. ಎರಡಡಿ ವ್ಯಾಸವೆಂದರೆ ನೆಟ್ಟವನ ಮೊಮ್ಮಗನ ಕಾಲದ ಮಾತು. ಹೀಗಾಗಿ ವಾದ್ಯದ ಬೇಡಿಕೆ ಬೀಳುವುದು ಎಳೆಯ ಮರಗಳ ಮೇಲಲ್ಲ, ಬೀಜ ಕೊಡುವ ಹಿರಿಯ ಮರಗಳ ಮೇಲೆ.

ಗಿಟಾರಿಗಾಗಿಯೇ ಕಾಡು ಬರಿದಾಯಿತೆಂದು ಹೇಳಿದರೆ ಅದು ಅನ್ಯಾಯದ ಮಾತಾದೀತು. ಮಂಚ, ಬಾಗಿಲು, ಬೀರು, ತೆಳುಪದರದ ಕಾರ್ಖಾನೆ ಇವೆಲ್ಲ ನುಂಗಿದ ಬೀಟೆಯ ಮುಂದೆ ಗಿಟಾರಿನ ಪಾಲು ಚಿಕ್ಕದು. ಆದರೆ ಮಂಚ ಮಾಡಿಸುವವನು ಮಂಚವೆಂದೇ ಮಾಡಿಸುತ್ತಾನೆ. ತನ್ನ ಬೇಡಿಕೆಗೆ ಕಲೆಯ ಪಾವಿತ್ರ್ಯದ ಹೊದಿಕೆ ಹೊದಿಸಿ, ಈ ಮರವಿಲ್ಲದೆ ನಾದವೇ ಇಲ್ಲವೆಂದು ವಾದಿಸುವವರು ವಾದ್ಯಲೋಕದವರು ಮಾತ್ರ. ಆದ್ದರಿಂದ ಆ ವಾದವನ್ನು ಪರೀಕ್ಷಿಸಿ ನೋಡುವುದು ನ್ಯಾಯ.

ಕಣ್ಣು ಕಟ್ಟಿದಾಗ

ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನ ಕುದುರೆಯ ಮೂಲಕ ಮುಂಭಾಗದ ಹಲಗೆಗೆ ಇಳಿದು, ಆ ಹಲಗೆ ಕಂಪಿಸಿದಾಗಲೇ ನಮಗೆ ಕೇಳುವ ನಾದ ಹುಟ್ಟುತ್ತದೆ. ಆದ್ದರಿಂದ ಮುಂಭಾಗಕ್ಕೆ ಹಗುರವಾಗಿದ್ದೂ ಬಿಗಿಯಾದ ಮರ ಬೇಕು. ಸ್ಪ್ರೂಸ್, ಸೀಡರ್ ಮುಂತಾದ ಶೀತಪ್ರದೇಶದ ಮರಗಳು ಅಲ್ಲಿ ನೆಲೆಯೂರಿದ್ದಕ್ಕೆ ನಿಜವಾದ ಕಾರಣವಿದೆ. ಬೆನ್ನು ಮತ್ತು ಪಕ್ಕೆಗಳ ಕೆಲಸ ಬೇರೆ: ಒಳಗಿನ ಗಾಳಿಯನ್ನು ಹಿಡಿದಿಡುವುದು, ಚೌಕಟ್ಟಿಗೆ ಗಟ್ಟಿತನ ಕೊಡುವುದು, ಒಂದಷ್ಟು ಮರುದನಿ ಸೇರಿಸುವುದು.

ಇದನ್ನು ನೂರಅರವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟವನು ಸ್ಪೇನಿನ ಆಂತೋನಿಯೊ ದೆ ತೋರೆಸ್. ಇಂದಿನ ಶಾಸ್ತ್ರೀಯ ಗಿಟಾರಿನ ರೂಪಕ್ಕೆ ಅವನೇ ಜನಕ. 1862ರಲ್ಲಿ ಅವನೊಂದು ಗಿಟಾರ್ ಕಟ್ಟಿದ. ಮುಂಭಾಗ ಸ್ಪ್ರೂಸ್, ಬೆನ್ನು, ಪಕ್ಕೆ ಎರಡೂ ಕಾಗದದ ರಟ್ಟು! ನಾದದ ಪ್ರಾಣ ಮುಂಭಾಗದ ಹಲಗೆಯಲ್ಲಿದೆ ಎಂಬ ತನ್ನ ಮಾತನ್ನು ಸಾಬೀತು ಮಾಡಲು ಕಟ್ಟಿದ ವಾದ್ಯವದು. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ತೋರೆಸ್‌ನದು ಒಬ್ಬ ಕುಶಲಕರ್ಮಿಯ ಹಟವೆನ್ನುವುದಾದರೆ ಪ್ರಯೋಗಶಾಲೆಯ ಮಾತನ್ನೂ ಕೇಳೋಣ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಗಿಟಾರ್ ಕಟ್ಟುವ ರೋಜರ್ ಬಕ್ನಾಲ್ ಅವರಿಂದ ಆರು ಗಿಟಾರುಗಳನ್ನು ಮಾಡಿಸಿದರು. ವಿನ್ಯಾಸ ಒಂದೇ, ಕಟ್ಟಿದ ಕೈ ಒಂದೇ. ಬೆನ್ನು, ಪಕ್ಕೆಗಳ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. 52 ಮಂದಿ ಗಿಟಾರ್ ವಾದಕರನ್ನು ಕರೆದು, ಮಂದ ಬೆಳಕಿನ ಕೋಣೆಯಲ್ಲಿ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ತೊಡಿಸಿ ನುಡಿಸಲು ಕೊಟ್ಟರು. ಮರ ಯಾವುದೆಂದು ನೋಡುವಂತಿರಲಿಲ್ಲ. ನಾದದ ಗುಣಕ್ಕೆ ಅಂಕ ಕೊಡಬೇಕು, ಅಷ್ಟೇ. 2018ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಆರಕ್ಕೂ ಬಂದ ಅಂಕಗಳು ಹೆಚ್ಚುಕಡಿಮೆ ಒಂದೇ. ಎರಡು ವಾದ್ಯಗಳನ್ನು ಕೊಟ್ಟು ವ್ಯತ್ಯಾಸ ಗುರುತಿಸಿ ಎಂದಾಗಲೂ ವಾದಕರು ತಡಕಾಡಿದರು. ಅತ್ಯಂತ ದುಬಾರಿಯೂ ವಿರಳವೂ ಆದ ಬ್ರೆಜಿಲ್ ರೋಸ್‌ವುಡ್ ಸಾಮಾನ್ಯ ಸಪೇಲೆಯನ್ನೂ ವಾಲ್‌ನಟ್ಟನ್ನೂ ಹಿಂದೆ ಹಾಕಲಿಲ್ಲ.

ಆರೇ ಗಿಟಾರುಗಳ ಪ್ರಯೋಗದಿಂದ ಎಲ್ಲವೂ ತೀರ್ಮಾನವಾಯಿತೆಂದು ನಾನು ಹೇಳಲಾರೆ. ಆದರೂ ಕಣ್ಣು ಬಿಟ್ಟಾಗ ಕೇಳುವ ನಾದ ಕಣ್ಣು ಕಟ್ಟಿದಾಗ ಕೇಳಿಸದಿದ್ದರೆ, ಅದು ಕಿವಿಯ ಮಾತಲ್ಲ, ಬೆಲೆಪಟ್ಟಿಯ ಮಾತು. ಗಿರಾಕಿ ಬೀಟೆಗೆಂದು ಕೊಡುವ ಹೆಚ್ಚಿನ ಹಣ ಬಣ್ಣಕ್ಕೆ, ಹೆಸರಿಗೆ, ನಾಲ್ಕು ಜನರ ನಡುವೆ ತೋರಿಸಿಕೊಳ್ಳುವ ಹೆಮ್ಮೆಗೆ ಸಲ್ಲುತ್ತದೆ. ಅದೂ ಮನುಷ್ಯನ ಆಸೆಯೇ, ತಪ್ಪೆನ್ನುವುದಿಲ್ಲ. ಆದರೆ ಅದನ್ನು ನಾದವೆಂದು ಕರೆಯಬೇಡಿ.

ಅಲ್ಲಿ ಕೋರ್ಟು, ಇಲ್ಲಿ ಕುಳಿ

2011ರ ಆಗಸ್ಟ್ 24ರಂದು ಅಮೆರಿಕದ ವನ್ಯಜೀವಿ ಇಲಾಖೆಯ ಸಶಸ್ತ್ರ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿದರು. ಹುಡುಕಿದ ವಸ್ತು ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳು. ಅಮೆರಿಕದಲ್ಲಿ ಲೇಸಿ ಕಾಯಿದೆ ಎಂಬುದೊಂದಿದೆ, 1900ರಷ್ಟು ಹಳೆಯದು. 2008ರಲ್ಲಿ ಅದನ್ನು ಮರಮಟ್ಟುಗಳಿಗೂ ವಿಸ್ತರಿಸಲಾಯಿತು. ಹೊರದೇಶದ ಕಾನೂನನ್ನು ಮುರಿದು ತಂದ ಮರವನ್ನು ಕೊಳ್ಳುವುದೂ ಅಪರಾಧ ಎನ್ನುತ್ತದೆ ಆ ಕಾಯಿದೆ. ನಮ್ಮ ರಫ್ತು ನಿಯಮವೋ, ಕೊಯ್ದ ಹಲಗೆ ದೇಶ ಬಿಟ್ಟು ಹೋಗಬಾರದು, ಆರು ಮಿಲಿಮೀಟರಿಗಿಂತ ತೆಳುವಾದ ಪದರ ಹೋಗಬಹುದು, ವಾದ್ಯದ ಸಿದ್ಧ ಭಾಗ ಹೋಗಬಹುದು ಎನ್ನುತ್ತಿತ್ತು. ಬೆರಳುಪಟ್ಟಿಗೆಂದು ಕೊಯ್ದ ತುಂಡು ಹಲಗೆಯೋ, ಪದರವೋ, ಸಿದ್ಧ ಭಾಗವೋ? ಜಗಳವೆಲ್ಲ ಇದರ ಮೇಲೆ. 2012ರಲ್ಲಿ ರಾಜಿಯಾಯಿತು. ಮಡಗಾಸ್ಕರಿನ ಕರಿಮರದ ಪ್ರಕರಣವೂ ಅದರಲ್ಲಿ ಸೇರಿತ್ತು. ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತಿತು. ವನ್ಯಜೀವಿ ಸಂರಕ್ಷಣೆಗೆಂದು 50 ಸಾವಿರ ಡಾಲರ್ ಕೊಟ್ಟಿತು. ಭಾರತದ ಮರದ ವರ್ಗೀಕರಣದಲ್ಲಿ ಗೊಂದಲವಿದೆಯೆಂದು ಒಪ್ಪಿ ಅದನ್ನು ಕಂಪನಿಗೆ ಹಿಂದಿರುಗಿಸಲಾಯಿತು.

ಅಮೆರಿಕದಲ್ಲಿ ಈ ಪ್ರಕರಣ ರಾಜಕೀಯ ಕೂಗಾಟಕ್ಕೆ ವಸ್ತುವಾಯಿತು. ಉದ್ಯೋಗದ ಮಾತು ಬಂತು, ಸರ್ಕಾರದ ದಬ್ಬಾಳಿಕೆಯ ಮಾತು ಬಂತು, ಗಿಟಾರ್ ಇಟ್ಟುಕೊಂಡವನನ್ನೂ ವಿಮಾನನಿಲ್ದಾಣದಲ್ಲಿ ಹಿಡಿದಾರೆಂಬ ಭಯದ ಮಾತು ಬಂತು. ಬಾರದೇ ಉಳಿದದ್ದು ಮರ ನಿಂತಿದ್ದ ಗುಡ್ಡದ ಮಾತು. ಆ ಬೀಟೆ ಯಾವ ತಾಲ್ಲೂಕಿನದು, ಕಡಿದ ಮೇಲೆ ಆ ಜಾಗದಲ್ಲಿ ಏನಿದೆ ಎಂದು ಆ ದೊಡ್ಡ ಚರ್ಚೆಯಲ್ಲಿ ಕೇಳಿದ್ದು ನನಗೆ ಕಾಣಲಿಲ್ಲ. ಪಟ್ಟಿಯ ದಪ್ಪವನ್ನು ಮಾತ್ರ ಮಿಲಿಮೀಟರಿನಲ್ಲಿ ಅಳೆದರು.

ಮುಂದಿನ ಕಥೆ ಇನ್ನೂ ವಿಚಿತ್ರ. ಚೀನಾದ ಪೀಠೋಪಕರಣದ ಬೇಡಿಕೆಗೆ ಆಫ್ರಿಕ, ಆಗ್ನೇಯ ಏಷ್ಯಗಳ ರೋಸ್‌ವುಡ್ ಕಾಡುಗಳು ಬಯಲಾಗುತ್ತಿರುವುದನ್ನು ಕಂಡು, 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲವನ್ನು ಇಡಿಯಾಗಿ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಅಂದರೆ ಗಡಿ ದಾಟುವ ಪ್ರತಿ ಸರಕಿಗೂ ಪರವಾನಗಿ. ಆಗ ಗಿಟಾರ್ ಕಂಪನಿಗಳು ಏನು ಮಾಡಿದವು? ಬೀಟೆಯಿಲ್ಲದೆ ನಾದವಿಲ್ಲವೆಂದು ಬಾಗಿಲು ಮುಚ್ಚಿದವೆ? ಇಲ್ಲ. ತಿಂಗಳುಗಳೊಳಗೆ ಬೇರೆ ಮರಗಳಿಗೆ ಬದಲಾದವು. ಫೆಂಡರ್ ಕಂಪನಿ ಮೆಕ್ಸಿಕೋದಲ್ಲಿ ಮಾಡಿಸುವ ಗಿಟಾರುಗಳ ಬೆರಳುಪಟ್ಟಿಗೆ ಪಾವ್ ಫೆರ್ರೊ ಎಂಬ ದಕ್ಷಿಣ ಅಮೆರಿಕದ ಮರ ಹಾಕಿತು. ಬೆಲೆಪಟ್ಟಿ ನಿಲ್ಲಲಿಲ್ಲ, ಸಂಗೀತವೂ ನಿಲ್ಲಲಿಲ್ಲ. ಬದಲಾಯಿಸಲು ಸಾಧ್ಯವಿಲ್ಲ ಎಂಬ ವಾದಕ್ಕೆ ಆ ಕಂಪನಿಗಳೇ ಉತ್ತರ ಬರೆದವು.

ಆದರೆ ವಾದ್ಯೋದ್ಯಮ ಸುಮ್ಮನೆ ಕೂರಲಿಲ್ಲ. 2019ರ ಜಿನೀವಾ ಸಮಾವೇಶದಲ್ಲಿ ಸಿದ್ಧಗೊಂಡ ಸಂಗೀತವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿ ದೊರೆಯಿತು; ಅದೇ ವರ್ಷದ ನವೆಂಬರಿನಿಂದ ಜಾರಿಗೆ ಬಂತು. ಸಂಗೀತಗಾರನೊಬ್ಬ ತನ್ನ ವಾದ್ಯ ಹಿಡಿದು ಊರೂರು ತಿರುಗುವುದಕ್ಕೆ ಅಡ್ಡಿಯಾಗಬಾರದೆಂಬುದು ಸರಿಯೇ. ಫಲಿತಾಂಶವನ್ನು ಮಾತ್ರ ನೋಡಿ: ಹಲಗೆಗೆ ಪರವಾನಗಿ ಬೇಕು, ಅದೇ ಹಲಗೆಯಿಂದಾದ ಗಿಟಾರಿಗೆ ಬೇಡ. ಗಿಟಾರ್ ಕೊಂಡವನಿಗೆ ಮರ ಎಲ್ಲಿಯದೆಂದು ಕೇಳುವ ಕಾಗದವೇ ಇಲ್ಲದಂತಾಯಿತು. ಇತ್ತ ನಮ್ಮ ಬೀಟೆ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾದ ಜಾತಿಯಾಗಿಯೇ ಉಳಿದಿದೆ.

ಮರ ಯಾರದು?

ಈಗ ಅಜ್ಜನ ಕತ್ತಿಯ ವಿಷಯಕ್ಕೆ ಬರೋಣ. ಪರರ ಮೇಲೆ ಇಷ್ಟು ಹೇಳಿ ನಮ್ಮ ಮನೆಯದನ್ನು ಮುಚ್ಚಿಡುವುದು ತರವಲ್ಲ.

ನಮ್ಮ ಸೀಮೆಯ ಸೊಪ್ಪಿನಬೆಟ್ಟದಲ್ಲಿ ಸೊಪ್ಪು ರೈತನದು, ಮರ ಸರ್ಕಾರದ್ದು. ಸರ್ಕಾರ ಮಂಜೂರು ಮಾಡಿದ ಅನೇಕ ಜಮೀನುಗಳ ಷರತ್ತಿನಲ್ಲೂ ಬೀಟೆ, ತೇಗದಂಥ ಮರಗಳನ್ನು ಸರ್ಕಾರ ತನಗೇ ಕಾಯ್ದಿರಿಸಿಕೊಂಡಿದೆ. ಕೊಡಗಿನಲ್ಲಿ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಜಮೀನು, ಬಿಡಿಸಿಕೊಂಡ ಜಮೀನು ಎಂಬ ಭೇದ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಬಿಡಿಸಿಕೊಳ್ಳದ ಜಮೀನಿನ ಮರದ ಮೇಲೆ ಹಕ್ಕು ಸರ್ಕಾರದ್ದು. ಮರ ತನ್ನದೇ ಆದ ಕಡೆಯಲ್ಲೂ ಒಂದು ಬೀಟೆ ಕಡಿಯಲು ಅರ್ಜಿ, ಸರ್ವೆ, ಮಹಜರು, ರಹದಾರಿ ಎಂದು ಮೆಟ್ಟಿಲು ಹತ್ತಬೇಕು. ರಾತ್ರಿ ಯಾರೋ ಕದ್ದು ಕಡಿದರೆ ಬೆಳಗ್ಗೆ ಮೊದಲ ವಿಚಾರಣೆ ಜಮೀನಿನವನದೇ. ಹೀಗಿರುವಾಗ ಬೀಟೆಯ ಸಸಿ ರೈತನ ಕಣ್ಣಿಗೆ ಮರವಾಗಿ ಕಾಣುವುದಿಲ್ಲ. ಮುಂದೊಂದು ದಿನ ಅಂಗಳಕ್ಕೆ ಬರಬಹುದಾದ ಜೀಪಾಗಿ ಕಾಣುತ್ತದೆ. ಬೆರಳು ಗಾತ್ರವಿರುವಾಗಲೇ ಸವರಿಬಿಟ್ಟರೆ ಸಾಕ್ಷಿಯೂ ಇಲ್ಲ, ಶಿಕ್ಷೆಯೂ ಇಲ್ಲ.

ಕಾಫಿ ತೋಟಗಳಲ್ಲಿ ನಡೆದದ್ದೂ ಇದೇ. ನೆರಳಿಗೆ ನಿಂತಿದ್ದ ಬೀಟೆ, ಮತ್ತಿ, ಹೊನ್ನೆಗಳು ಒಂದೊಂದಾಗಿ ಹೋಗಿ ಆ ಜಾಗಕ್ಕೆ ಆಸ್ಟ್ರೇಲಿಯದ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ ಎನ್ನುವುದು ನಿಜವೇ. ಆದರೆ ದೊಡ್ಡ ಕಾರಣ ಬೇರೆ: ಸಿಲ್ವರ್ ಓಕ್ ಕಡಿದು ಮಾರಲು ಕಾಟವಿಲ್ಲ. ಕಾನೂನು ಕಾಪಾಡಹೊರಟ ಮರಕ್ಕೆ ಕಾನೂನೇ ಕೊಡಲಿಯಾಯಿತು. ಬೀಟೆ ಬೇರಿನಿಂದಲೂ ಚಿಗುರುವ ಮರ. ಬಿಟ್ಟರೆ ತಾನೇ ಏಳುತ್ತದೆ. ಅದನ್ನು ನರ್ಸರಿಯಲ್ಲಿ ಬೆಳೆಸಿ ಉತ್ಸವ ಮಾಡಿ ನೆಡುವ ಅಗತ್ಯಕ್ಕಿಂತ, ಎದ್ದದ್ದನ್ನು ನಿಲ್ಲಗೊಡುವ ಅಗತ್ಯ ದೊಡ್ಡದು. ಇದೇ ಮರವನ್ನು ಹೊರಗಿನಿಂದ ತರಿಸಿಕೊಂಡ ಜಾವಾದವರು ಸೋನೋಕೆಲಿಂಗ್ ಎಂಬ ಹೆಸರಿಟ್ಟು ನೆಟ್ಟು ಬೆಳೆಸಿ ಮಾರುತ್ತಿದ್ದಾರೆ. ತವರಿನಲ್ಲಿ ಹೊರೆ, ಹೋದಲ್ಲಿ ಬೆಳೆ.

ಮಾರ್ಗವೇ ಇಲ್ಲವೆ? ಶ್ರೀಗಂಧದ ಕಥೆ ನೆನೆಯಿರಿ. 1792ರಲ್ಲಿ ಟಿಪ್ಪು ಸುಲ್ತಾನ್ ರಾಜಮರವೆಂದು ಸಾರಿದಂದಿನಿಂದ ಇನ್ನೂರು ವರ್ಷ ರೈತನ ಹಿತ್ತಿಲಿನ ಗಂಧ ರೈತನದಾಗಿರಲಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಜಮೀನಿನವನೇ ಗಂಧದ ಒಡೆಯನೆಂದು ಒಪ್ಪಲಾಯಿತು. ಅದರ ನಂತರ ಬಯಲುಸೀಮೆಯ ರೈತರೂ ಗಂಧ ನೆಡತೊಡಗಿದರು. ಕಳ್ಳಕಾಕರ ಕಾಟ ಇದೆ, ಮಾರಾಟದ ತೊಡಕುಗಳಿವೆ. ಆದರೂ ನೆಡುವ ಕೈ ಮುಂದೆ ಬಂತು. ಬೀಟೆಗೆ ಈ ನ್ಯಾಯ ಏಕಿಲ್ಲ?

ಇದಕ್ಕೆ ನಮ್ಮ ಬಳಗದೊಳಗೇ ಪ್ರತಿವಾದವಿದೆ, ಅದು ಹಗುರವಾದುದಲ್ಲ. ನೆರೆಯ ವಯನಾಡಿನ ಮುಟ್ಟಿಲ್ ಪ್ರಕರಣವನ್ನು ಮಿತ್ರರು ತೋರಿಸುತ್ತಾರೆ. 2020ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರ ಪಟ್ಟಾ ಜಮೀನಿನಲ್ಲಿ ರೈತರೇ ಬೆಳೆಸಿದ ಮರಗಳನ್ನು ಕಡಿಯಲು ಅವಕಾಶ ಕೊಟ್ಟು ಆದೇಶ ಹೊರಡಿಸಿತು. ಅದರ ನೆಪದಲ್ಲಿ ಮುಟ್ಟಿಲ್ ಭಾಗದಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳು ಉರುಳಿದವು. ಕೆಲವಂತೂ ಶತಮಾನಗಳಷ್ಟು ಹಳೆಯವು, ಯಾವ ರೈತನೂ ನೆಟ್ಟು ಬೆಳೆಸಿದವಲ್ಲ. 2021ರ ಫೆಬ್ರುವರಿಯಲ್ಲಿ ಆದೇಶ ಹಿಂದಕ್ಕೆ ಹೋಯಿತು. ಮರಗಳು ಹಿಂದಕ್ಕೆ ಬರಲಿಲ್ಲ. ಹಕ್ಕು ಕೊಟ್ಟರೆ ಆಗುವುದು ಇದೇ ಎನ್ನುತ್ತಾರೆ ಮಿತ್ರರು. ನನ್ನ ಉತ್ತರ: ಅಲ್ಲಿ ಸಿಕ್ಕಿದ್ದು ಲೆಕ್ಕವಿಲ್ಲದ ಹಕ್ಕು. ಇಂದು ಯಾವ ಮರ ಎಷ್ಟು ದಪ್ಪವಿದೆ ಎಂಬ ದಾಖಲೆ ಊರಿನ ಕೈಯಲ್ಲಿದ್ದರೆ, ನಾಳೆ ಹಳೆಯ ಮರವನ್ನು ಹೊಸದೆಂದು ಯಾರೂ ಸಾಗಿಸಲಾರರು. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ಎಷ್ಟೋ ಕಡೆ ಅದು ಕಪಾಟಿನಲ್ಲಿ ಮಲಗಿದೆ. ಶಾಲೆ ಕಾಲೇಜುಗಳ ಮಕ್ಕಳು ರಜೆಯಲ್ಲಿ ಒಂದು ಟೇಪು, ಒಂದು ನೋಟುಪುಸ್ತಕ ಹಿಡಿದು ಹೊರಟರೆ ಒಂದು ಪಂಚಾಯಿತಿಯ ಬೀಟೆಗಳನ್ನು ಸುತ್ತಳತೆ ಸಮೇತ ಎಣಿಸಿ ಮುಗಿಸಬಹುದು. ಇಂದು ನಿಂತಿರುವ ಹಿರಿಯ ಮರಗಳು ಊರಿನ ಬೀಜಮರಗಳೆಂದು ದಾಖಲಾಗಲಿ, ಅವನ್ನು ಯಾರೂ ಮುಟ್ಟುವುದು ಬೇಡ. ಇಂದಿನಿಂದ ಎದ್ದ ಸಸಿ ಜಮೀನಿನವನದೆಂದು ಕಾಗದ ಬರಲಿ. 1983ರಲ್ಲಿ ಸಲ್ಕಣಿಯ ಜನ ಮರವನ್ನು ಅಪ್ಪಿ ನಿಂತದ್ದು ಕಡಿಯುವುದನ್ನು ತಡೆಯಲು ಮಾತ್ರವಲ್ಲ, ಬೆಳೆಸುವುದಕ್ಕೂ ಎಂಬುದನ್ನು ನಾವು ಮರೆಯಬಾರದು.

ಗಿಟಾರ್ ಕಟ್ಟಿಸುವವರಿಗೆ ನನ್ನ ಮಾತು ನೇರ. ಬೆನ್ನಿಗೆ ಬೀಟೆ ಬೇಕೆಂದು ಗುರುತು ಹಾಕುವ ಮುನ್ನ, ಈ ಹಲಗೆ ಯಾವ ಡಿಪೋದಿಂದ, ಯಾವ ವರ್ಷದ ದಿಮ್ಮಿಯಿಂದ ಬಂತು ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಸಾಲು ಬಿಟ್ಟುಬಿಡಿ. ಬೀಟೆಯೇ ಆಗಬೇಕೆಂಬ ಹಟವಿದ್ದರೆ ಕೆಡವಿದ ಹಳೆಯ ಮನೆಗಳ ಬಾಗಿಲು, ಮಂಚಗಳನ್ನು ನೋಡಿ. ನೂರು ವರ್ಷ ಒಣಗಿದ ಹಲಗೆ ಅಲ್ಲಿ ಸಿಕ್ಕೀತು. ಇಲ್ಲವಾದರೆ ಬೇರೆ ಮರ ಯಾಕಾಗಬಾರದು? ತಂಜಾವೂರಿನ ವೀಣೆ ಹಲಸು, ಮೃದಂಗದ ಹೊಳವು ಹಲಸು. ಕರ್ನಾಟಕ ಸಂಗೀತದ ನಾದಕ್ಕೆ ಅದು ಸಾಕಾಗಿದೆ, ಗಿಟಾರಿಗೆ ಸಾಲದೆ? ಹವಾಯಿಯಲ್ಲಿ ಮಾವಿನ ಮರದಿಂದ ಗಿಟಾರ್ ಮಾಡುತ್ತಾರೆ. ಅಲ್ಲಿನ ಕೋವಾ, ಆಸ್ಟ್ರೇಲಿಯದ ಬ್ಲಾಕ್‌ವುಡ್ ಎಂದು ಗಿಟಾರ್ ಲೋಕ ಕೊಂಡಾಡುವ ಮರಗಳೆರಡೂ ಅಕೇಶಿಯಾ ಕುಲದವು. ನಮ್ಮ ಗುಡ್ಡಗಳಿಗೆ ಅರಣ್ಯ ಇಲಾಖೆ ಹೊದಿಸಿದ ಅಕೇಶಿಯಾದಿಂದ ಒಳ್ಳೆಯ ಗಿಟಾರ್ ಆದೀತೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಯಾರಾದರೂ ಮಾಡಿ ನೋಡಬಾರದೆ? ನಾವು ಶಪಿಸುವ ಸಿಲ್ವರ್ ಓಕಿನಿಂದಲೂ ಅದರ ತವರಿನಲ್ಲಿ ಗಿಟಾರಿನ ಬೆನ್ನು ಮಾಡುತ್ತಾರೆ. ಅಮೆರಿಕದ ಟೇಲರ್ ಕಂಪನಿ 1995ರಲ್ಲಿ ಸರಕು ಹೊರುವ ಹಳೆಯ ಮರದ ಚೌಕಟ್ಟು ಒಡೆದು ಅದರಿಂದಲೇ ಗಿಟಾರ್ ಮಾಡಿ ತೋರಿಸಿತು. 2020ರಲ್ಲಿ ಕ್ಯಾಲಿಫೋರ್ನಿಯಾದ ಬೀದಿಬದಿಯಲ್ಲಿ ಹೇಗಿದ್ದರೂ ಕಡಿಯಬೇಕಾಗಿ ಬಂದ ಮರಗಳಿಂದ ಗಿಟಾರ್ ತಯಾರಿಸತೊಡಗಿತು. ಅದೇ ಕಂಪನಿ ಬೀಟೆಯನ್ನೂ ಮಾರುತ್ತದೆ, ಅದನ್ನೂ ಹೇಳಬೇಕು.

ಪಕ್ಕದ ಮನೆಯ ಹುಡುಗನೊಡನೆ ದೀಪಾವಳಿಯ ಮೂರು ದಿನವೂ ಈ ವಾದ ನಡೆಯಿತು. ಅವನೇನು ಸುಲಭಕ್ಕೆ ಒಪ್ಪಲಿಲ್ಲ; ಬೀಟೆಯ ಬಣ್ಣ ತನಗೆ ಇಷ್ಟವೆಂದು ಪ್ರಾಮಾಣಿಕವಾಗಿ ಹೇಳಿದ. ಹೊರಡುವ ಹಿಂದಿನ ದಿನ ಅವನ ಮನೆಯ ಅಟ್ಟ ಹತ್ತಿದೆವು. 2019ರ ಮಳೆಗೆ ಬಿದ್ದ ಹಲಸಿನ ಮರವನ್ನು ಕೊಯ್ಸಿ ಬಾಗಿಲಿಗೆಂದು ಎತ್ತಿಟ್ಟ ಹಲಗೆಗಳು ಅಲ್ಲಿದ್ದವು. ಹುಡುಗ ಒಂದೊಂದನ್ನೇ ಬಡಿದು ಕಿವಿಗೊಟ್ಟ. ನನಗೆ ಎಲ್ಲವೂ ಒಂದೇ ರೀತಿ ಕೇಳಿಸಿತು. ಅವನು ಎರಡನ್ನು ಆರಿಸಿ ಬದಿಗಿಟ್ಟು, ಪಟ್ಟಿಯಲ್ಲಿ ಬೀಟೆಯ ಮುಂದಿನ ಗುರುತನ್ನು ಹೊಡೆದು ಕೆಳಗೆ ಕೈಬರಹದಲ್ಲಿ 'ಹಲಸು, ನಮ್ಮ ಮನೆಯದು' ಎಂದು ಬರೆದ. ವಾದ್ಯ ಕಟ್ಟುವವರು ಮೊದಲು ಒಂದು ತುಂಡು ಕಳಿಸಿ, ಬಡಿದು ನೋಡಿ ಹೇಳುತ್ತೇನೆ ಎಂದಿದ್ದಾರಂತೆ.

ಅಜ್ಜನನ್ನು ಕೇಳಿದೆ, ಇನ್ನು ಮೇಲಾದರೂ ಬೀಟೆ ಸಸಿ ಬಿಡುತ್ತೀರಾ ಎಂದು.

"ಮರ ನಂದು ಅಂತ ಮೊದ್ಲು ಕಾಗ್ದ ಬರ್ಲಿ ಮಾರಾಯ" ಎಂದರು.